ಗೋಡೆ ಬೆವರಿದರೆ ಯಾವ ಡಾಕ್ಟರಿಗೆ ತೋರಿಸಬೇಕು?

ಹಳೇ ಮನೆಯೊಳಗೆ ಆಸ್ಪತ್ರೆ ಹೊಕ್ಕರೆ ಏನೇನು ತಾಪತ್ರಯ ಅಂತ ಹೋದ ಸಂಚಿಕೆಯಲ್ಲಿ ನಾಲ್ಕು ಸಾಲು ಬರೆದಿದ್ದೆ. ಅಂದುಕೊಂಡದ್ದಕ್ಕಿಂತ ಜಾಸ್ತಿ ಪತ್ರ ಬಂದವು. ಮುಂಬೈ, ಪುಣೆ, ಗೋವಾದಲ್ಲಿ ಇಷ್ಟೊಂದು ಕನ್ನಡದ ಡಾಕ್ಟರು, ನರ್ಸುಗಳು ಹಳೇ ಗೋಡೆಗಳ ನಡುವೆ ಒದ್ದಾಡುತ್ತಿದ್ದಾರೆ ಅಂತ ನನಗೆ ಗೊತ್ತಿರಲಿಲ್ಲ. ಐದು ಪತ್ರ ಆರಿಸಿದ್ದೇನೆ. ಹೊಸ ಓದುಗರಿಗೆ ಹೇಳಬೇಕೆಂದರೆ, ನಾನು ಕುಂದಾಪುರ ಕಡೆಯವನು. ಮೂವತ್ತೈದು ವರ್ಷದಿಂದ ಮುಂಬೈಯಲ್ಲಿ ಹಳೇ ಕಟ್ಟಡ ರಿಪೇರಿ ಮಾಡಿಸುವುದೇ ಕೆಲಸ. ನಾನಿರುವುದು ಮಾತ್ರ ಡೊಂಬಿವಲಿಯ ಸಿಮೆಂಟ್ ಫ್ಲಾಟಿನಲ್ಲಿ. ಅದೂ ಸೋರುತ್ತದೆ.

ಪ್ರಶ್ನೆ: ಸರ್, ನಾವು ಗಂಡ ಹೆಂಡತಿ ಇಬ್ಬರೂ ಡಾಕ್ಟರು. ಗಾಮ್‌ದೇವಿಯಲ್ಲಿ ನೆಲಮಹಡಿ, ಮೇಲೊಂದು ಮಹಡಿಯ ಹಳೇ ಬಂಗಲೆ ಲೀಸಿಗೆ ಸಿಗುತ್ತಿದೆ. ಹೆರಿಟೇಜ್ ಪಟ್ಟಿಯಲ್ಲಿ ಗ್ರೇಡ್ ಮೂರು. ಹದಿನೈದು ಹಾಸಿಗೆ, ಒಂದು ಆಪರೇಷನ್ ಥಿಯೇಟರ್, ಮಹಡಿಯಲ್ಲಿ ನಾಲ್ಕು ಡಯಾಲಿಸಿಸ್ ಮೆಷಿನ್, ಒಂದು ಲಿಫ್ಟ್, ಇಷ್ಟು ನಮ್ಮ ಆಸೆ. 'ಒಳಗೆ ಏನು ಬೇಕಾದರೂ ಮಾಡಿಕೊಳ್ಳಿ' ಅಂತ ಮಾಲೀಕರು ಹೇಳಿದ್ದಾರೆ. ಆಗುತ್ತಾ?
— ವೈದ್ಯ ದಂಪತಿ, ಮುಂಬೈ

ಉತ್ತರ: ಡಾಕ್ಟ್ರೇ, ಮೊದಲು ಮಾಲೀಕರ ಮಾತು. ಹಾಗೆ ಹೇಳುವ ಅಧಿಕಾರ ಅವರಿಗಿಲ್ಲ. ಮುಂಬೈಯಲ್ಲಿ ಹೆರಿಟೇಜ್ ನಿಯಮ 1995ರಿಂದ ಇದೆ. ಒಂದನೇ ಗ್ರೇಡಿನ ಕಟ್ಟಡಕ್ಕೆ ಒಳಗೂ ಹೊರಗೂ ಕೈ ಹಚ್ಚುವ ಹಾಗಿಲ್ಲ ಅಂತಲೇ ಇಟ್ಟುಕೊಳ್ಳಿ. ಎರಡನೆಯದರಲ್ಲಿ ಎ, ಬಿ ಅಂತ ಎರಡಿವೆ, ಒಳಗೆ ಸ್ವಲ್ಪ ಬದಲಾಯಿಸಬಹುದು. ಮೂರನೆಯದು ಎಲ್ಲಕ್ಕಿಂತ ಸಡಿಲ. ಸಡಿಲ ಅಂದರೆ ಯಾರೂ ಕೇಳುವವರಿಲ್ಲ ಅಂತಲ್ಲ. ಲೀಸಿಗೆ ಸಹಿ ಹಾಕುವ ಮೊದಲು ಪಾಲಿಕೆಯ ಹೆರಿಟೇಜ್ ವಿಭಾಗಕ್ಕೆ ಹೋಗಿ ಬನ್ನಿ. ಹೋಗುವಾಗ ಮನೆಯ ಅಳತೆ ನಕ್ಷೆ, ಪ್ರತಿ ಕೋಣೆಯ ಫೋಟೋ ಕೈಯಲ್ಲಿರಲಿ. ನರ್ಸಿಂಗ್ ಹೋಮ್ ನೋಂದಣಿಯ 1949ರ ಕಾಯ್ದೆ, ಫೈರ್ ಬ್ರಿಗೇಡಿನ ಕಾಗದ ಇವೆಲ್ಲ ಬೇರೆ. ಅದು ನಿಮಗೇ ಗೊತ್ತು.

ಈಗ ಮನೆ. ಇಂಥ ಬಂಗಲೆಗೆ ಹೋದಾಗ ನನ್ನ ಜೇಬಿನಲ್ಲಿ ಒಂದು ಉದ್ದ ಸ್ಕ್ರೂಡ್ರೈವರ್ ಇರುತ್ತದೆ. ಜೊತೆಗೆ ಬಂದವರೆಲ್ಲ ಮಹಡಿಯ ತೊಲೆಯ ನಡುಭಾಗ ನೋಡಿ, 'ಬರ್ಮಾ ತೇಗ ಸಾರ್, ಕಬ್ಬಿಣ ಕಬ್ಬಿಣ' ಅಂತಾರೆ. ನಡುವಿಗೆ ಏನೂ ಆಗಿರುವುದಿಲ್ಲ. ನೋಡಬೇಕಾದ್ದು ಗೋಡೆಯೊಳಗೆ ಹೂತ ತುದಿ. ಮಳೆನೀರು ಕುಡಿದ ಗೋಡೆ ಆ ತುದಿಯನ್ನು ವರ್ಷಗಟ್ಟಲೆ ಒದ್ದೆಯಾಗಿಯೇ ಇಟ್ಟಿರುತ್ತದೆ. ಏಣಿ ಹತ್ತಿ, ತೊಲೆ ಗೋಡೆ ಸೇರುವ ಜಾಗದಲ್ಲಿ ಸ್ಕ್ರೂಡ್ರೈವರ್ ಒತ್ತಿ ನೋಡುತ್ತೇನೆ. ಚೆನ್ನಾಗಿದ್ದರೆ ಟಣ್ ಅಂತ ಕೈಗೆ ತಿರುಗಿ ಹೊಡೆಯುತ್ತದೆ. ಕೆಟ್ಟಿದ್ದರೆ ಹಣ್ಣು ಹಲಸಿಗೆ ಚಾಕು ಇಳಿದ ಹಾಗೆ ಇಳಿಯುತ್ತದೆ. ಸದ್ದೇ ಇಲ್ಲ. ಕೆಟ್ಟ ತುದಿ ಕತ್ತರಿಸಿ, ಎರಡೂ ಬದಿಗೆ ಉಕ್ಕಿನ ಪಟ್ಟಿ ಕೊಟ್ಟು, ಬೋಲ್ಟ್ ಹಾಕಿ ಹೊಸ ಮರ ಜೋಡಿಸಬಹುದು. ಇಡೀ ತೊಲೆ ತೆಗೆಯಬೇಕಾಗಿಲ್ಲ. ಆದರೆ ಯಾವ್ಯಾವ ತುದಿ ಅಂತ ಮೊದಲೇ ಗೊತ್ತಿರಬೇಕು.

ಭಾರದ ವಿಷಯದಲ್ಲಿ ಎಲ್ಲರೂ ಹಾಸಿಗೆಗೆ ಹೆದರುತ್ತಾರೆ. ಹಾಸಿಗೆಗೆ ಹೆದರಬೇಡಿ. ಕಟ್ಟಡದ ಭಾರಕ್ಕೆ ನಮ್ಮ ದೇಶದಲ್ಲಿರುವ ಮಾನಕ ಐಎಸ್ 875ರ ಲೆಕ್ಕದಲ್ಲಿ ಮನೆಯ ಕೋಣೆಗೂ ಆಸ್ಪತ್ರೆ ವಾರ್ಡಿಗೂ ಚದರ ಮೀಟರಿಗೆ ಹಿಡಿಯುವ ಭಾರ ಒಂದೇ, ಸುಮಾರು 200 ಕಿಲೋ. ಆಪರೇಷನ್ ಕೋಣೆಗೆ 300. ಫೈಲು ಇಡುವ ಕೋಣೆಗೆ 500! ಅಂದರೆ ಪೇಷಂಟಿಗಿಂತ ಪೇಷಂಟಿನ ಕಾಗದವೇ ಭಾರ. ರೆಕಾರ್ಡ್ ರೂಮನ್ನು ಮರದ ಮಹಡಿಯ ಮೇಲೆ ಇಡಬೇಡಿ. ಅಟ್ಟಕ್ಕಂತೂ ಬೇಡವೇ ಬೇಡ.

ಹಳೇ ಮನೆಯನ್ನು ಕೆಡಿಸುವುದು ನೀರು. ಒಂದು ಡಯಾಲಿಸಿಸ್ ಮೆಷಿನ್ ನಿಮಿಷಕ್ಕೆ ಅರ್ಧ ಲೀಟರ್ ದ್ರವ ಓಡಿಸುತ್ತದೆ ಅಲ್ವಾ? ನಾಲ್ಕು ಗಂಟೆಗೆ 120 ಲೀಟರ್. ಅದನ್ನು ಶುದ್ಧ ಮಾಡುವಾಗ ಆರ್‌ಓ ಚೆಲ್ಲುವ ನೀರು ಬೇರೆ. ನಾಲ್ಕು ಮೆಷಿನ್, ದಿನಕ್ಕೆ ಎರಡು ಪಾಳಿ ಅಂದರೆ ಸಾವಿರ ಲೀಟರಿನ ಹತ್ತಿರ ಮರದ ನೆಲದ ಮೇಲೆ ಓಡಾಡುತ್ತದೆ. ಒಂದು ಪೈಪಿನ ಜಾಯಿಂಟ್ ಹನಿಕಿದರೆ ಸಾಕು. ನಾನು ಇದನ್ನು ದುಡ್ಡು ಕೊಟ್ಟು ಕಲಿತವನು. ಶುರುವಿನ ದಿನಗಳಲ್ಲಿ ಗಿರ್‌ಗಾಂವ್ ಕಡೆಯ ಒಂದು ನರ್ಸಿಂಗ್ ಹೋಮಿನಲ್ಲಿ, ಉಪಕರಣ ಬೇಯಿಸುವ ಆಟೋಕ್ಲೇವನ್ನು ಮರದ ಮಹಡಿಯ ಕೆಳಗಿನ ಸಣ್ಣ ಕೋಣೆಯಲ್ಲಿ ಇಡಿಸಿದೆ. ಕಿಟಕಿ ಇತ್ತು, ಸಾಕು ಅಂದುಕೊಂಡೆ. ಎಸಿ ತಂಪು ಹೋಗುತ್ತದೆ ಅಂತ ಸಿಸ್ಟರುಗಳು ಕಿಟಕಿ ಮುಚ್ಚಿಯೇ ಇಡುತ್ತಿದ್ದರು. ಎರಡನೇ ಮಳೆಗಾಲದಲ್ಲಿ ಫಾಲ್ಸ್ ಸೀಲಿಂಗ್ ಬಿಚ್ಚಿ ನೋಡಿದರೆ ಜಂತೆಗಳ ಮೇಲೆ ಹತ್ತಿಯ ಹಾಗೆ ಬಿಳಿ ಬೂಷ್ಟು. ಹನ್ನೊಂದು ಜಂತೆ ಬದಲಾಯಿಸಿದೆವು. ತಪ್ಪು ಸಿಸ್ಟರುಗಳದ್ದಲ್ಲ, ನನ್ನದು.

ಹಾಗಾಗಿ ನಿಮಗೆ ನನ್ನ ಸಲಹೆ ಇಷ್ಟೇ. ಒದ್ದೆ ಕೆಲಸ, ಹಬೆ ಕೆಲಸ, ಗಾಳಿ ಮುಚ್ಚಿ ಮಾಡುವ ಕೆಲಸ ಎಲ್ಲಾ ಹಿತ್ತಲಿಗೆ. ಈ ಬಂಗಲೆಗಳಿಗೆ ಹಿಂದೆ ಅಡುಗೆಮನೆ, ಆಳುಗಳ ಸಾಲುಮನೆ ಇರುತ್ತಿತ್ತು. ಆ ಜಾಗದಲ್ಲಿ ಒಂದು ಸಣ್ಣ ಹೊಸ ಕಟ್ಟಡಕ್ಕೆ ಅನುಮತಿ ಕೇಳಿ. ಥಿಯೇಟರ್, ಡಯಾಲಿಸಿಸ್, ಸ್ಟೆರಿಲೈಸೇಷನ್ ಅಲ್ಲಿರಲಿ. ಮೂಲ ಮನೆಯಲ್ಲಿ ಓಪಿಡಿ, ಕಾಯುವ ಹಜಾರ, ಚೇತರಿಸಿಕೊಳ್ಳುವವರ ಹಾಸಿಗೆ. ಹದಿನೈದಲ್ಲ, ಎಂಟು ಒಂಬತ್ತು ಅಂತ ಇಟ್ಟುಕೊಳ್ಳಿ. ಬ್ಯಾಂಕಿನವರಿಗೆ ಕೊಡುವ ಲೆಕ್ಕ ತಿದ್ದಬೇಕಾಗುತ್ತದೆ, ಗೊತ್ತು.

ಲಿಫ್ಟನ್ನು ಮೆಟ್ಟಿಲಿನ ಸುತ್ತು ಬಿಟ್ಟ ಜಾಗದಲ್ಲಿ ತೂರಿಸುವ ಐಡಿಯಾ ಯಾರಾದರೂ ಕೊಟ್ಟೇ ಕೊಡುತ್ತಾರೆ. ಹಾಸಿಗೆ ಹೋಗುವ ಲಿಫ್ಟಿನ ಡಬ್ಬಿ ಸುಮಾರು 2.4 ಮೀಟರ್ ಉದ್ದ ಬೇಕು. ಅದು ಅಲ್ಲಿ ಹಿಡಿಯುವುದಿಲ್ಲ, ಹಿಡಿಸಲು ಹೋದರೆ ಮೆಟ್ಟಿಲೇ ಹೋಗುತ್ತದೆ. ಹಿಂಬದಿಯಲ್ಲಿ ತನ್ನದೇ ಉಕ್ಕಿನ ಕಂಬಗಳ ಮೇಲೆ ನಿಲ್ಲುವ ಲಿಫ್ಟ್ ಕಟ್ಟಿ. ಮನೆಗೆ ಅದು ಆತುಕೊಳ್ಳಬಾರದು, ಪಕ್ಕದಲ್ಲಿ ನಿಂತಿರಬೇಕು ಅಷ್ಟೇ. ಒಂದು ಹಳೇ ಕಿಟಕಿಯನ್ನು ಕೆಳಗೆ ಇಳಿಸಿ ಬಾಗಿಲು ಮಾಡಿದರೆ ದಾರಿಯಾಯಿತು. ಲಿಫ್ಟಿನ ಗುಂಡಿ ತೋಡುವಾಗ ಮಾತ್ರ ಜೋಪಾನ. ಹಳೇ ಪಾಯ ಎಷ್ಟು ಆಳ ಇದೆ ಅಂತ ಮೊದಲು ಒಂದು ಮೂಲೆ ಬಗೆದು ನೋಡಿ. ಎರಡನೇ ಮೆಟ್ಟಿಲು ಹೇಗೂ ಬೇಕು, ಬೆಂಕಿಗಾಗಿ. ಅದನ್ನೂ ಅಲ್ಲೇ ಸೇರಿಸಿ. ಮರದ ಮನೆ, ಆಕ್ಸಿಜನ್, ಹಳೇ ವೈರು, ಈ ಮೂರು ಒಂದೇ ಸೂರಿನಡಿ ಇರುವುದು ಸಣ್ಣ ವಿಷಯವಲ್ಲ. ವೈರಿಂಗ್ ಪೂರ್ತಿ ಹೊಸದು ಮಾಡಿ, ಗೋಡೆ ಕೊರೆಯದೆ ಮೇಲ್ಮೈಯಲ್ಲೇ ಲೋಹದ ಪೈಪಿನಲ್ಲಿ ಒಯ್ಯಿರಿ. ಚೆಂದ ಕಾಣುವುದಿಲ್ಲ ಅಂತ ಇಂಟೀರಿಯರಿನವರು ಮುಖ ಸಿಂಡರಿಸುತ್ತಾರೆ. ಸಿಂಡರಿಸಲಿ. ನಾಳೆ ಬಿಚ್ಚಿದರೆ ಗೋಡೆ ಹೇಗಿತ್ತೋ ಹಾಗಿರುತ್ತದೆ. ಮಹಾರಾಷ್ಟ್ರದ 2006ರ ಅಗ್ನಿ ಕಾಯ್ದೆ ಪ್ರಕಾರ ಪ್ರತಿ ಜನವರಿ, ಜುಲೈಗೆ ಸರ್ಟಿಫಿಕೇಟು ಕೊಡಬೇಕು. ಆಗ ಪೈಪು ಕಣ್ಣಿಗೆ ಕಾಣುವಂತಿದ್ದರೆ ನಿಮಗೇ ಸುಲಭ.

ಇನ್ನೊಂದು ಮಾತು. ಬಾಗಿಲ ಮೇಲಿರುವ ಸಣ್ಣ ಕಿಂಡಿಗಳನ್ನು ಮುಚ್ಚಬೇಡಿ. ಡಾಕ್ಟರಿಗೆ ವೆಂಟಿಲೇಟರ್ ಅಂದರೆ ಐಸಿಯು ಮೆಷಿನ್. ನನಗೆ ವೆಂಟಿಲೇಟರ್ ಅಂದರೆ ಆ ಕಿಂಡಿ. ಬಿಸಿಗಾಳಿ ಮೇಲೇರಿ ಅಲ್ಲಿಂದಲೇ ಹೊರಗೆ ಹೋಗುತ್ತದೆ. ಪೆರು ದೇಶದ ಲೀಮಾದಲ್ಲಿ ಎಂಟು ಆಸ್ಪತ್ರೆಗಳ ಗಾಳಿ ಅಳೆದು 2007ರಲ್ಲಿ ಲೆಕ್ಕ ಪ್ರಕಟಿಸಿದರು. ಎತ್ತರದ ಸೀಲಿಂಗು, ದೊಡ್ಡ ಕಿಟಕಿಯ ಹಳೇ ಕೋಣೆಗಳಲ್ಲಿ ಕಿಟಕಿ ಬಾಗಿಲು ತೆರೆದಿಟ್ಟರೆ ಗಂಟೆಗೆ 40 ಸಲ ಗಾಳಿ ಬದಲಾಗುತ್ತಿತ್ತು. ಕಿಟಕಿಯಿರುವ ಹೊಸ ಕೋಣೆಗಳಲ್ಲಿ 17 ಸಲ. ಮೆಷಿನಿನಿಂದ ಗಾಳಿ ಕೊಡುವ ಕೋಣೆಗಳ ಲೆಕ್ಕ 12. ಕ್ಷಯದಂಥ ಗಾಳಿಯಲ್ಲಿ ಹರಡುವ ರೋಗಕ್ಕೆ ಇದೆಷ್ಟು ದೊಡ್ಡ ವಿಷಯ ಅಂತ ನಿಮಗೆ ನಾನು ಹೇಳಬೇಕಾ? ಅಂಥ ಕೋಣೆಗೆ ಎಂಟು ಅಡಿಯಲ್ಲಿ ಫಾಲ್ಸ್ ಸೀಲಿಂಗ್ ಹೊಡೆದು, ಸ್ಪ್ಲಿಟ್ ಎಸಿ ಹಾಕಿ, ಆಮೇಲೆ 'ಯಾಕೋ ಉಸಿರು ಕಟ್ಟುತ್ತದೆ' ಅನ್ನುವವರನ್ನು ನೋಡಿ ನೋಡಿ ನನಗೆ ಸಾಕಾಗಿದೆ.

ಪ್ರಶ್ನೆ: ನಾನು ಕಾರವಾರದವಳು, ಮಡಗಾಂವ್ ಹತ್ತಿರ ಹಿರಿಯರ ಆರೈಕೆ ಮಾಡುವ ಒಂದು ಕೇಂದ್ರದಲ್ಲಿ ನರ್ಸ್. ಹಳೇ ಪೋರ್ಚುಗೀಸ್ ಕಾಲದ ಮನೆ. ಮೂರು ವರ್ಷದ ಹಿಂದೆ ಗೋಡೆಗೆ ಸಿಮೆಂಟ್ ಮಾಡಿಸಿ, ತೊಳೆಯಲು ಬರುವಂಥ ಹೊಳೆಯುವ ಪೇಂಟ್ ಹೊಡೆಸಿದರು. ಈಗ ಗೋಡೆ ಬೆವರುತ್ತದೆ, ಪೇಂಟ್ ಗುಳ್ಳೆ ಗುಳ್ಳೆಯಾಗಿ ಏಳುತ್ತದೆ, ಕೆಳಗೆ ಬಿಳಿ ಪುಡಿ ಬೀಳುತ್ತದೆ. ವಯಸ್ಸಾದವರಿಗೆ ಕೆಮ್ಮು. ವಾಟರ್‌ಪ್ರೂಫ್ ಪೇಂಟ್ ಹೊಡೆಸೋಣ ಅಂತಿದ್ದಾರೆ.
— ಓದುಗಿ, ಗೋವಾ

ಉತ್ತರ: ತಂಗಿ, ಬೇಡ ಅಂತ ಹೇಳಿ. ಕಾಯಿಲೆ ಬಂದದ್ದೇ ಆ ಔಷಧದಿಂದ.

ನಿಮ್ಮ ಗೋಡೆ ಮುರಕಲ್ಲಿನದ್ದು, ಅಂದರೆ ಜಂಬಿಟ್ಟಿಗೆಯದ್ದು ಇರಬೇಕು. ನಮ್ಮೂರ ಗೋಡೆಯ ಹಾಗೆಯೇ. ಮುರಕಲ್ಲಿನ ಮೈತುಂಬಾ ತೂತು. ನೆಲದಿಂದ ತೇವ ಏರುತ್ತದೆ, ಮಳೆಗಾಲದಲ್ಲಿ ಹೊರಗಿನಿಂದಲೂ ಕುಡಿಯುತ್ತದೆ. ಸುಣ್ಣದ ಗಾರೆ ಇದ್ದಾಗ ಆ ತೇವ ಗಾರೆಯ ಮೂಲಕ ಹೊರಬಂದು ಬೇಸಿಗೆಯಲ್ಲಿ ಆರಿಹೋಗುತ್ತಿತ್ತು. ಸಿಮೆಂಟ್ ಬಳಿದ ಮೇಲೆ ದಾರಿ ಬಂದ್. ತೇವ ಒಳಗೇ ನಿಂತು ಉಪ್ಪನ್ನು ಕರಗಿಸಿಕೊಂಡು ಪೇಂಟಿನ ಹಿಂದೆ ಬಂದು ಕೂರುತ್ತದೆ. ನೀರು ಆರಿದಾಗ ಉಪ್ಪು ಹರಳಾಗಿ ಹಿಗ್ಗಿ, ಪೇಂಟನ್ನು ತಳ್ಳುತ್ತದೆ. ನೀವು ಹೇಳಿದ ಗುಳ್ಳೆ ಅದು. ಬಿಳಿ ಪುಡಿ ಅಂದರೆ ಆ ಉಪ್ಪೇ. ವಾಟರ್‌ಪ್ರೂಫ್ ಹೊಡೆದರೆ ತೇವ ಇನ್ನೂ ಎರಡು ಅಡಿ ಮೇಲಕ್ಕೆ ಹತ್ತಿ ಅಲ್ಲಿ ಗುಳ್ಳೆ ಏಳುತ್ತದೆ.

ಮಾಡಬೇಕಾದ್ದು ಹೀಗೆ. ಮಳೆ ಮುಗಿದ ಮೇಲೆ ಒಂದು ಕೋಣೆಯಲ್ಲಿ ಮಾತ್ರ, ನೆಲದಿಂದ ನಾಲ್ಕು ಅಡಿ ಎತ್ತರದವರೆಗೆ ಸಿಮೆಂಟ್ ಕೆರೆದು ತೆಗೆಸಿ. ಬೇಸಿಗೆ ಪೂರ್ತಿ ಗೋಡೆ ಬರಿಮೈಯಲ್ಲಿ ಇರಲಿ. ನೋಡಲು ಅಸಹ್ಯ, ಆದರೆ ಇರಲಿ. ಮೇಲೇಳುವ ಉಪ್ಪನ್ನು ಒಣ ಬ್ರಷ್ಷಿನಿಂದ ಗುಡಿಸಿ, ನೀರು ಹಾಕಿ ತೊಳೆಯಬೇಡಿ. ಆ ಪುಡಿ ಏಳುವಾಗ ಹಿರಿಯರನ್ನು ಬೇರೆ ಕೋಣೆಗೆ ಕಳಿಸಿ. ಆಮೇಲೆ ಸುಣ್ಣ, ಮರಳಿನ ಗಾರೆ. ಆಸ್ಪತ್ರೆ ಗೋಡೆ ಒರೆಸಲು ಬರಬೇಕು ಅನ್ನುವುದು ನಿಜ. ಅದಕ್ಕೆ ಸಿಲಿಕೇಟ್ ಪೇಂಟ್ ಸಿಗುತ್ತದೆ. ಅದು ಗೋಡೆಯ ಉಸಿರು ಕಟ್ಟಿಸುವುದಿಲ್ಲ, ಒದ್ದೆ ಬಟ್ಟೆಯಲ್ಲಿ ಒರೆಸಿದರೂ ತಡೆಯುತ್ತದೆ. ದುಬಾರಿ, ಹಾಗಾಗಿ ಹಾಸಿಗೆಯಿರುವ ಕೋಣೆಗೆ ಮಾತ್ರ ಸಾಕು. ಉಳಿದ ಕಡೆ ವರ್ಷಕ್ಕೊಮ್ಮೆ ಸುಣ್ಣ ಬಳಿಯಿರಿ. ಹಸಿ ಸುಣ್ಣದ ಖಾರಕ್ಕೆ ಕ್ರಿಮಿ ಉಳಿಯುವುದಿಲ್ಲ. 1896ರಲ್ಲಿ ಮುಂಬೈಗೆ ಪ್ಲೇಗ್ ಬಂದಾಗ ಮುನಿಸಿಪಾಲಿಟಿಯವರು ಮನೆಮನೆಗೆ ಹೋಗಿ ಬಳಿದದ್ದು ಇದೇ ಸುಣ್ಣ.

ಅಂದಹಾಗೆ, ಮನೆಯಲ್ಲಿ ಆಸ್ಪತ್ರೆ ಮಾಡುವುದು ಗೋವಾಕ್ಕೆ ಹೊಸದಲ್ಲ. ಪಣಜಿಯ ಮಾಕಿನೇಜ್ ಅರಮನೆ ಕಟ್ಟಿದ್ದು 1702ರಲ್ಲಿ. 1842ರಲ್ಲಿ ಶುರುವಾದ ಅಲ್ಲಿಯ ವೈದ್ಯಕೀಯ ಶಾಲೆ ಆ ಅರಮನೆಯಲ್ಲೇ ಬಹಳ ಕಾಲ ನಡೆಯಿತು. ಈಗ ಅಲ್ಲಿ ಸಿನಿಮಾ ಹಬ್ಬದ ಆಫೀಸು. ನಿಮ್ಮ ರಜೆ ದಿನ ಮಾಂಡೋವಿ ದಂಡೆ ಕಡೆ ಹೋದರೆ ಒಮ್ಮೆ ಒಳಗೆ ಹೊಕ್ಕು ಗೋಡೆಯ ದಪ್ಪ ನೋಡಿ ಬನ್ನಿ.

ಪ್ರಶ್ನೆ: ನಮ್ಮ ಮಾವನವರ ವಾಡೆ ಪುಣೆಯ ಸದಾಶಿವ ಪೇಠೆಯಲ್ಲಿದೆ. ಕೆಳಗೆ ಫಿಸಿಯೋಥೆರಪಿ ಕ್ಲಿನಿಕ್ ಮಾಡಬೇಕು ಅಂತ ನನಗೆ ಆಸೆ. ಬಾಗಿಲಿನ ಹೊಸ್ತಿಲು ಅರ್ಧ ಅಡಿ ಎತ್ತರ. ವೀಲ್‌ಚೇರ್ ದಾಟುವುದಿಲ್ಲ. ಕತ್ತರಿಸೋಣ ಅಂದರೆ ಅತ್ತೆ ಮಾತು ಬಿಟ್ಟಿದ್ದಾರೆ.
— ಧಾರವಾಡದ ಸೊಸೆ, ಪುಣೆ

ಉತ್ತರ: ಅತ್ತೆಯವರ ಕಡೆ ನಾನು. 'ಉಂಬರಠಾ' (ಮರಾಠಿಯಲ್ಲಿ ಹೊಸ್ತಿಲು) ಮುಟ್ಟಬೇಡಿ. ಅದು ಲಕ್ಷ್ಮಿಯ ವಿಷಯ ಅಂತ ಅತ್ತೆ ಹೇಳುತ್ತಾರೆ. ನಾನು ಹೇಳುವುದು, ಆ ಅಡ್ಡಮರ ಇಡೀ ಚೌಕಟ್ಟಿನ ಕಾಲುಗಳನ್ನು ಹಿಡಿದಿಟ್ಟಿದೆ. ಅದನ್ನು ಕತ್ತರಿಸಿದರೆ ಕೆಲವು ವರ್ಷಕ್ಕೆ ಬಾಗಿಲು ಕಚ್ಚಿಕೊಳ್ಳುತ್ತದೆ.

ಇಳಿಜಾರಿಗೆ ಲೆಕ್ಕ ಸುಲಭ. ಒಂದು ಅಂಗುಲ ಎತ್ತರಕ್ಕೆ ಹನ್ನೆರಡು ಅಂಗುಲ ಉದ್ದ. ಆರು ಅಂಗುಲದ ಹೊಸ್ತಿಲಿಗೆ ಆಚೆ ಆರು ಅಡಿ, ಈಚೆ ಆರು ಅಡಿ. ಮರದ ಎರಡು ತುಂಡು ಮಾಡಿಸಿ, ನಡುವೆ ಹೊಸ್ತಿಲಿನ ಮೇಲೆ ಒಂದು ಸೇತುವೆ ಹಲಗೆ, ಮೇಲೆ ಜಾರದ ಹಾಗೆ ರಬ್ಬರ್. ಬೆಳಿಗ್ಗೆ ಹಾಕಿ, ರಾತ್ರಿ ಎತ್ತಿ ಗೋಡೆಗೆ ಒರಗಿಸಿ. ಶುಕ್ರವಾರ ಅತ್ತೆ ಅರಿಶಿನ ಕುಂಕುಮ ಹಚ್ಚಿದ ಮೇಲೆ ಹಾಕಿದರಾಯಿತು. ಬೀದಿ ಕಡೆ ಆರು ಅಡಿ ಸಿಗದಿದ್ದರೆ ಹಿಂದಿನ ಬಾಗಿಲು ನೋಡಿ.

ಒಳಗೆ ಗೋಡೆ ಕಟ್ಟಿ ಕ್ಯಾಬಿನ್ ಮಾಡಬೇಡಿ. ವಾಡೆಯನ್ನು ಪುಣೆಯವರು 'ಖಣ'ದ ಲೆಕ್ಕದಲ್ಲಿ ಹೇಳುತ್ತಾರೆ, ಅಂದರೆ ಎರಡು ಕಂಬಗಳ ನಡುವಿನ ಜಾಗ. ನಮ್ಮಲ್ಲಿ ಅದಕ್ಕೇ ಅಂಕಣ ಅನ್ನುವುದು. (ನೀವೀಗ ಓದುತ್ತಿರುವ ಅಂಕಣವೂ ಅದೇ ಶಬ್ದ. ನನಗೆ ಇದು ಗೊತ್ತಾದಾಗ ಒಂದು ದಿನ ಪೂರ್ತಿ ಖುಷಿಯಾಗಿದ್ದೆ.) ಒಂದು ಖಣಕ್ಕೆ ಒಂದು ಮಂಚ, ನಡುವೆ ದಪ್ಪ ಪರದೆ. ಚೌಕಿನ ಕಡೆ ಮುಖ ಮಾಡಿ ಮಂಚ ಹಾಕಿ. ನಮ್ಮ ತೊಟ್ಟಿಮನೆಯ ಹಾಗೆ ಅಲ್ಲಿ ಆಕಾಶ ಕಾಣುತ್ತದೆ. ಮೊಣಕಾಲು ಮಡಿಸುತ್ತಾ ಮಲಗಿದವರಿಗೆ ಟ್ಯೂಬ್‌ಲೈಟ್ ನೋಡುವುದಕ್ಕಿಂತ ಅದು ಮೇಲು.

ಪ್ರಶ್ನೆ: ಬೈಕಲಾದ ಮಸೀನಾ ಆಸ್ಪತ್ರೆ ಹಿಂದೆ ಒಬ್ಬ ವ್ಯಾಪಾರಿಯ ಬಂಗಲೆಯಾಗಿತ್ತಂತೆ, ಹೌದಾ? ಇನ್ನೊಂದು: ದಪ್ಪ ಕಲ್ಲುಗೋಡೆಯ ಹಳೇ ಕೋಣೆಯಲ್ಲಿ ಎಕ್ಸ್‌ರೇ ಮೆಷಿನ್ ಇಡಬಹುದಾ?
— ಎಕ್ಸ್‌ರೇ ಟೆಕ್ನಿಷಿಯನ್, ಠಾಣೆ

ಉತ್ತರ: ಹೌದು. ಬಗ್ದಾದಿನಿಂದ 1830ರ ದಶಕದಲ್ಲಿ ಮುಂಬೈಗೆ ಬಂದ ಯಹೂದಿ ವ್ಯಾಪಾರಿ ಡೇವಿಡ್ ಸಸೂನರ ಮನೆ ಅದು. ಹೆಸರು 'ಸಾನ್ ಸೂಸಿ'. ಫ್ರೆಂಚಿನಲ್ಲಿ ಚಿಂತೆಯಿಲ್ಲದ್ದು ಅಂತ ಅರ್ಥ. ಆಗ ಬೈಕಲಾ ಅಂದರೆ ಊರ ಹೊರಗಿನ ಬಂಗಲೆಗಳ ಜಾಗ. ಸಸೂನರು 1864ರಲ್ಲಿ ಪುಣೆಯಲ್ಲಿ ತೀರಿಕೊಂಡರು. ಪುಣೆಯ ಸಸೂನ್ ಆಸ್ಪತ್ರೆ ಅವರ ದಾನದ್ದೇ, ತೆರೆದದ್ದು 1867ರಲ್ಲಿ. ಆಸ್ಪತ್ರೆಗೆ ಅಂತಲೇ ಕಟ್ಟಿಸಿದ್ದು ಪುಣೆಯದ್ದು, ಮನೆಯೇ ಆಸ್ಪತ್ರೆಯಾದದ್ದು ಬೈಕಲಾದ್ದು. ಅದಕ್ಕೆ ಹೆಸರು ಬಂದದ್ದು ಪಾರ್ಸಿ ಸರ್ಜನ್ ಡಾ. ಮಸೀನಾ ಅವರಿಂದ. ಅವರು ಆಸ್ಪತ್ರೆ ಶುರು ಮಾಡಿದ್ದು 1902ರಲ್ಲಿ.

ಎಕ್ಸ್‌ರೇಗೆ ಗೋಡೆ ಸಮಸ್ಯೆಯೇ ಅಲ್ಲ. ಒಂಬತ್ತು ಅಂಗುಲ ಇಟ್ಟಿಗೆ ಗೋಡೆ ಸಾಕು ಅನ್ನುವ ಕಡೆ ನಿಮಗೆ ಎರಡು ಅಡಿ ಕಲ್ಲು ಸಿಕ್ಕಿದೆ. ತಲೆಬಿಸಿ ಇರುವುದು ಮೇಲೆ. ಮರದ ಹಲಗೆಯ ಸೀಲಿಂಗ್ ಕಿರಣವನ್ನು ತಡೆಯುವುದಿಲ್ಲ, ಮೇಲಿನ ಕೋಣೆಯಲ್ಲಿ ಯಾರು ಕೂರುತ್ತಾರೆ ಅಂತ ನೋಡಿ. ಆಮೇಲೆ ಬಾಗಿಲು. ಎರಡು ಮಿಲಿಮೀಟರ್ ಸೀಸದ ಹಾಳೆ ಹೊಡೆದರೆ ಒಂದು ಮೀಟರ್ ಅಗಲದ ಬಾಗಿಲಿಗೆ ಸುಮಾರು 47 ಕಿಲೋ ಭಾರ ಸೇರುತ್ತದೆ. ಹಳೇ ತೇಗದ ಬಾಗಿಲಿಗೆ ಅದನ್ನು ಹೊಡೆಯಬೇಡಿ, ಕೀಲು ಕಿತ್ತು ಬರುತ್ತದೆ. ಒಳಬದಿಯಲ್ಲಿ ತನ್ನದೇ ಚೌಕಟ್ಟಿನ ಹೊಸ ಬಾಗಿಲು ನಿಲ್ಲಿಸಿ. ಹಳೆಯದು ಹೊರಕ್ಕೆ ತೆರೆದುಕೊಂಡಿರಲಿ. ಮೆಷಿನ್ ಓಡಿಸಲು ಅಣುಶಕ್ತಿ ನಿಯಂತ್ರಣ ಮಂಡಳಿಯ ಒಪ್ಪಿಗೆ ಬೇಕು ಅನ್ನುವುದು ನಿಮಗೆ ಗೊತ್ತೇ ಇದೆ.

ಪ್ರಶ್ನೆ: ಬಾಂದ್ರಾದ ಒಂದು ಹಳೇ ಹಳ್ಳಿಮನೆಯಲ್ಲಿ ನನ್ನ ಹಲ್ಲಿನ ಕ್ಲಿನಿಕ್. ಹೆಂಚು ತೆಗೆದು ಶೀಟ್ ಹಾಕಿಸೋಣ ಅಂತ ಬಿಚ್ಚಿಸಿದೆ. ಹೆಂಚಿನ ಅಡಿಯಲ್ಲಿ 'ಬಾಸೆಲ್ ಮಿಷನ್, ಮಂಗಳೂರು' ಅಂತ ಇಂಗ್ಲಿಷಿನಲ್ಲಿ ಅಚ್ಚಿದೆ. ಒಬ್ಬರು ಒಳ್ಳೆ ಬೆಲೆಗೆ ಕೇಳುತ್ತಿದ್ದಾರೆ. ಮಾರಲಾ?
— ದಂತವೈದ್ಯ, ಮುಂಬೈ

ಉತ್ತರ: ಅಯ್ಯೋ, ಬೇಡ. ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ ಹೆಂಚಿನ ಕಾರ್ಖಾನೆ ಶುರುವಾದದ್ದು 1865ರಲ್ಲಿ. ಅಲ್ಲಿಂದ ಹಡಗಿನಲ್ಲಿ ಈ ಕಡೆಗೆ ಬಂದ ಹೆಂಚು ಅದು. ಶೀಟ್ ಹಾಕಿದರೆ ಜೂನಿನಲ್ಲಿ ಮಳೆ ಸದ್ದಿಗೆ ಪೇಷಂಟಿಗೆ 'ಬಾಯಿ ತೆರೆಯಿರಿ' ಅಂದದ್ದು ಕೇಳಿಸುವುದಿಲ್ಲ. ಮೇ ತಿಂಗಳಲ್ಲಿ ಎಸಿ ಬಿಲ್ಲು ನೋಡಿ ನಿಮಗೇ ಹಲ್ಲುನೋವು ಬರುತ್ತದೆ.

ಬಿಚ್ಚಿದ್ದು ಒಳ್ಳೆಯದೇ ಆಯಿತು. ರೀಪು ಪಟ್ಟಿಗಳನ್ನು ನೋಡಿ, ಗೆದ್ದಲು ತಿಂದದ್ದನ್ನು ಬದಲಾಯಿಸಿ. ಒಂದೊಂದೇ ಹೆಂಚನ್ನು ಬೆರಳ ಗೆಣ್ಣಿನಿಂದ ಬಡಿಯಿರಿ. ಗಂಟೆಯ ಹಾಗೆ ಸದ್ದು ಬಂದರೆ ಗಟ್ಟಿ, ಮಡಕೆ ಒಡೆದ ಸದ್ದು ಬಂದರೆ ಬಿರುಕಿದೆ. ಪಾಚಿಯನ್ನು ತೆಂಗಿನ ನಾರಿನಲ್ಲಿ ಉಜ್ಜಿ, ಆಸಿಡ್ ಬೇಡ. ಹೊದಿಸುವಾಗ ಗಟ್ಟಿ ಹೆಂಚು ಮಳೆ ಹೊಡೆಯುವ ಪಡುವಣ ಬದಿಗೆ ಬರಲಿ. ಕುರ್ಚಿಯ ಮೇಲೆ ಧೂಳು ಬೀಳಬಾರದಲ್ಲ, ಅದಕ್ಕೆ ಆ ಕೋಣೆಗೆ ಮಾತ್ರ ಹೆಂಚಿನ ಕೆಳಗೆ ಹಲಗೆ ಹೊದಿಸಿ, ನಡುವೆ ಗಾಳಿಯಾಡಲು ಜಾಗ ಬಿಡಿ. ನೂರು ಇನ್ನೂರು ಹೆಂಚು ಹಿತ್ತಲಲ್ಲಿ ಜೋಡಿಸಿಟ್ಟಿರಿ, ಬೆಕ್ಕು ಮಂಗ ಓಡಾಡಿ ಒಡೆದಾಗ ಬೇಕಾಗುತ್ತದೆ.

ನಮ್ಮ ಅಪ್ಪ ಕುಂದಾಪುರದ ಹೆಂಚಿನ ಕಾರ್ಖಾನೆಯಲ್ಲಿ ಭಟ್ಟಿಗೆ ಹೆಂಚು ಜೋಡಿಸುತ್ತಿದ್ದವರು. ಅಂಗೈ ಸದಾ ಕೆಂಪು, ಎಷ್ಟು ತೊಳೆದರೂ ಹೋಗುತ್ತಿರಲಿಲ್ಲ. ಒಂದು ಹೆಂಚು ನನಗೆ ಬೇಕು ಡಾಕ್ಟ್ರೇ, ಒಡೆದದ್ದಾದರೂ ಪರವಾಗಿಲ್ಲ, ಅಚ್ಚು ಇರುವ ತುಂಡು ಸಾಕು. ಮುಂದಿನ ಶನಿವಾರ ಬಾಂದ್ರಾ ಕಡೆ ಬರುವುದಿದೆ.